ಹಳೆಯ ಎಂಜಿನ್‌ಗೆ ಹೆಚ್ಚಿನ ಕಂಪ್ರೆಶನ್: ಗಳಿಕೆ ಎಷ್ಟು, ಗಂಡಾಂತರ ಎಲ್ಲಿ?

ಪೆಟ್ರೋಲ್‌ಗೆ ಶೇ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಅಂದಿನಿಂದ ಹಳೆಯ ಕಾರುಗಳ ಮಾಲೀಕರ ನಡುವೆ ಮೈಲೇಜ್ ಕುರಿತ ದೂರು ನಿಂತಿಲ್ಲ. ಎಂಜಿನ್ ಸವೆದು, ಹೊಗೆ ಉಗುಳಲಾರಂಭಿಸಿ, ರಿಬೋರ್‌ಗೆಂದು ಗ್ಯಾರೇಜ್ ಸೇರಿದ ಕಾರಿನ ಮಾಲೀಕರಿಗೆ ಈ ದೂರಿನ ಜತೆಗೇ ಒಂದು ಸಲಹೆಯೂ ದೊರೆಯುತ್ತದೆ. ಹೇಗೂ ಎಂಜಿನ್ ಇಳಿಸಿದ್ದಾಗಿದೆ, ಹೆಡ್ಡನ್ನು ಸ್ವಲ್ಪ ಹೆಚ್ಚು ಫೇಸಿಂಗ್ ಮಾಡಿಸಿ ಕಂಪ್ರೆಶನ್ ಏರಿಸಿಬಿಟ್ಟರೆ ಪಿಕಪ್ ಮತ್ತು ಮೈಲೇಜ್ ಎರಡೂ ಸುಧಾರಿಸುತ್ತವೆ ಎಂಬುದು ಆ ಸಲಹೆ.

ಇದರಲ್ಲಿ ಸತ್ಯಾಂಶವಿದೆ. ಆದರೆ ಆ ‘ಸ್ವಲ್ಪ’ ಎಂದರೆ ಎಷ್ಟು ಎಂಬುದನ್ನು ಅಳೆಯದೆ ಮಾಡಿದ ಕೆಲಸ ಹೊಸದಾಗಿ ಹಾಕಿಸಿದ ಪಿಸ್ಟನ್‌ಗಳನ್ನೇ ಬಲಿ ತೆಗೆದುಕೊಳ್ಳಬಲ್ಲದು. ಎಂಜಿನ್ ಕೆಲಸಕ್ಕೆ ಹತ್ತಾರು ಸಾವಿರ ರೂಪಾಯಿ ಸುರಿಯುವ ಮುನ್ನ ಈ ಲೆಕ್ಕವನ್ನು ಅರಿತಿರುವುದು ಒಳ್ಳೆಯದು.

ಏನಿದು ಅನುಪಾತ?

ಪಿಸ್ಟನ್ ಸಿಲಿಂಡರಿನ ತಳದಲ್ಲಿರುವಾಗ ಅದರ ಮೇಲೆ ಇರುವ ಒಟ್ಟು ಜಾಗ ಒಂದು. ಪಿಸ್ಟನ್ ತುದಿಗೆ ಏರಿದಾಗ ಉಳಿಯುವ ಜಾಗ ಇನ್ನೊಂದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯೇ ಕಂಪ್ರೆಶನ್ ರೇಷಿಯೋ, ಅಂದರೆ ಸಂಕೋಚನ ಅನುಪಾತ. ಗಾಳಿ ಮತ್ತು ಪೆಟ್ರೋಲ್ ಮಿಶ್ರಣವನ್ನು ಕಿಡಿ ಹೊತ್ತಿಸುವ ಮುನ್ನ ಎಷ್ಟು ಪಟ್ಟು ಅದುಮಲಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಹೆಚ್ಚು ಅದುಮಿದ ಮಿಶ್ರಣ ಉರಿದಾಗ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಅದೇ ಒಂದು ಚಮಚ ಪೆಟ್ರೋಲಿನಿಂದ ಚಕ್ರಕ್ಕೆ ಹೆಚ್ಚು ಶಕ್ತಿ ಸಿಗುತ್ತದೆ, ಸೈಲೆನ್ಸರ್ ಮೂಲಕ ಹೊರಹೋಗುವ ಶಾಖ ಕಡಿಮೆಯಾಗುತ್ತದೆ.

ಗ್ಯಾರೇಜ್‌ಗಳಲ್ಲಿ ‘ಕಂಪ್ರೆಶನ್ ಇಲ್ಲ’ ಎನ್ನುವುದು ಇದಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಅಲ್ಲಿಗೆ ಗೇಜ್ ಇಟ್ಟು ನೋಡುವುದು ಒತ್ತಡವನ್ನು. ರಿಂಗ್ ಸವೆದರೆ, ವಾಲ್ವ್ ಸರಿಯಾಗಿ ಕೂರದಿದ್ದರೆ ಒತ್ತಡ ಬೀಳುತ್ತದೆ, ಆದರೆ ಅನುಪಾತ ಬದಲಾಗುವುದಿಲ್ಲ. ಒಳಗೆ ಇಂಗಾಲದ ಮಸಿ ಗಟ್ಟಿಯಾಗಿ ಕೂತ ಎಂಜಿನ್‌ನಲ್ಲಿ ಉಳಿಯುವ ಜಾಗ ಕಿರಿದಾಗಿ ಅನುಪಾತ ತುಸು ಏರಿರುವುದೂ ಉಂಟು. ಎರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ ಬಹಳಷ್ಟು ಗೊಂದಲ ಹುಟ್ಟಿಕೊಂಡಿದೆ. ಸವೆದ ಎಂಜಿನ್‌ಗೆ ಸರಿಯಾಗಿ ರಿಬೋರ್ ಮಾಡಿ, ಹೊಸ ರಿಂಗ್ ಹಾಕಿ, ವಾಲ್ವ್‌ಗಳನ್ನು ಅರೆದು ಕೂರಿಸಿದರೆ ಮರಳಿ ಬರುವ ಶಕ್ತಿಯೇ ದೊಡ್ಡದು. ಅದರ ಎದುರು ಅನುಪಾತ ಏರಿಸುವುದರಿಂದ ಬರುವುದು ಚಿಲ್ಲರೆ.

ಅಂಬಾಸಿಡರ್ ಲೆಕ್ಕ

ಕಾಗದದ ಮೇಲೆ ಒಂದು ಎಂಜಿನ್ ಬಿಚ್ಚಿ ನೋಡುವುದು ವಿಷಯವನ್ನು ಸ್ಪಷ್ಟಗೊಳಿಸುತ್ತದೆ. ಹಿಂದೂಸ್ಥಾನ್ ಮೋಟಾರ್ಸ್ 1957ರಿಂದ 2014ರವರೆಗೆ ತಯಾರಿಸಿದ ಅಂಬಾಸಿಡರ್ ಕಾರನ್ನು ದಶಕಗಳ ಕಾಲ ಎಳೆದದ್ದು 1489 ಸಿಸಿಯ ಬ್ರಿಟಿಷ್ ಮೂಲದ ‘ಬಿ ಸರಣಿ’ ಪೆಟ್ರೋಲ್ ಎಂಜಿನ್. ಬೋರ್ 73.025 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ. ಒಂದು ಸಿಲಿಂಡರ್‌ನಲ್ಲಿ ಪಿಸ್ಟನ್ ಗುಡಿಸುವ ಜಾಗ ಸುಮಾರು 372 ಸಿಸಿ. ಈ ಕುಟುಂಬದ ಎಂಜಿನ್‌ಗಳನ್ನು ಬ್ರಿಟನ್ನಿನ ಬಿಎಂಸಿ ಕಂಪನಿ ದೊರೆಯುವ ಪೆಟ್ರೋಲಿಗೆ ತಕ್ಕಂತೆ 7.2 ಮತ್ತು 8.3 ಎಂಬ ಎರಡು ಅನುಪಾತಗಳಲ್ಲಿ ಒದಗಿಸುತ್ತಿತ್ತು.

ಅನುಪಾತ 7.2 ಇರಬೇಕಾದರೆ ಪಿಸ್ಟನ್ ತುದಿಗೇರಿದಾಗ ಉಳಿಯುವ ಜಾಗ 60 ಸಿಸಿ ಆಗಿರಬೇಕು. ಅದನ್ನು 8.3ಕ್ಕೆ ಏರಿಸಲು ಆ ಜಾಗ 51 ಸಿಸಿಗೆ ಇಳಿಯಬೇಕು. ಅಂದರೆ ಪ್ರತಿ ಸಿಲಿಂಡರ್‌ನಲ್ಲೂ 9 ಸಿಸಿಯನ್ನು, ಹೆಚ್ಚುಕಡಿಮೆ ಎರಡು ಟೀ ಚಮಚದಷ್ಟು ಜಾಗವನ್ನು, ಎಲ್ಲಿಂದಲಾದರೂ ತುಂಬಬೇಕು.

ರಿಬೋರ್ ಮಾಡಿದ ಮಾತ್ರಕ್ಕೇ ಸ್ವಲ್ಪ ಏರಿಕೆ ತಾನಾಗಿ ಬರುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. 40 ಥೌ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಬೋರ್ ಸುಮಾರು 1 ಮಿ.ಮೀ. ಹಿಗ್ಗಿ, ಗುಡಿಸುವ ಜಾಗ 383 ಸಿಸಿ ಆಗುತ್ತದೆ. ಮೇಲಿನ ಜಾಗ 60 ಸಿಸಿಯೇ ಉಳಿದರೆ ಅನುಪಾತ 7.2ರಿಂದ ಸುಮಾರು 7.4ಕ್ಕೆ ಏರುತ್ತದೆ. ಬೇರೇನೂ ಮಾಡಬೇಕಾಗಿಲ್ಲ.

ಇನ್ನು ಹೆಡ್ ಫೇಸಿಂಗ್. ಹೆಡ್ಡಿನೊಳಗಿನ ದಹನಕೋಣೆ ಬೋರಿನಷ್ಟು ಅಗಲವಿರುವುದಿಲ್ಲ. ಈ ಎಂಜಿನ್‌ನಲ್ಲಿ ಅದು ಹೃದಯದ ಆಕಾರದಲ್ಲಿದೆ. ಅದರ ಬಾಯಿಯ ವಿಸ್ತೀರ್ಣ 30 ಚದರ ಸೆಂ.ಮೀ. ಎಂದು ಇಟ್ಟುಕೊಂಡರೆ ಒಂದು ಮಿ.ಮೀ. ಕೆರೆದಾಗ ಕಡಿಮೆಯಾಗುವುದು 3 ಸಿಸಿ ಮಾತ್ರ. ಅನುಪಾತ 7.2ರಿಂದ 7.5ಕ್ಕೆ ಬರಬಹುದು. ಫೇಸಿಂಗ್ ಒಂದರಿಂದಲೇ 8.3 ತಲುಪಬೇಕಾದರೆ 3 ಮಿ.ಮೀ. ಕೆರೆಯಬೇಕಾಗುತ್ತದೆ. ಆ ಹೊತ್ತಿಗೆ ಹೆಡ್ಡಿನ ತಳ ತೆಳುವಾಗಿ, ಒಳಗಿನ ನೀರಿನ ದಾರಿಗೂ ದಹನಕೋಣೆಗೂ ನಡುವಿನ ಗೋಡೆ ದುರ್ಬಲವಾಗಿರುತ್ತದೆ. ಮುಂದೆ ಎಂದಾದರೂ ಎಂಜಿನ್ ಬಿಸಿಯಾಗಿ ಹೆಡ್ ಬಾಗಿದರೆ ಮತ್ತೆ ಕೆರೆದು ಸರಿಪಡಿಸಲು ಲೋಹವೇ ಉಳಿದಿರುವುದಿಲ್ಲ. ಹಳೆಯ ಕಾರಿನ ಹೆಡ್ ಈ ಹಿಂದೆ ಎಷ್ಟು ಬಾರಿ ಲೇತ್ ಕಂಡಿದೆ ಎಂಬುದು ಬಹುತೇಕ ಯಾರಿಗೂ ಗೊತ್ತಿರುವುದಿಲ್ಲ.

ಆದ್ದರಿಂದ ಒಂದು ಅಂಕದಷ್ಟು ಏರಿಕೆ ಬೇಕಾದಲ್ಲಿ ಸರಿಯಾದ ದಾರಿ ಪಿಸ್ಟನ್‌ನದು. ರಿಬೋರ್‌ಗೆ ಹೇಗೂ ಹೊಸ ಪಿಸ್ಟನ್ ಬೇಕು. ತಲೆಯಲ್ಲಿ ಬಟ್ಟಲಿನಂತಹ ತಗ್ಗು ಇರುವ ಪಿಸ್ಟನ್ ಬದಲಿಗೆ ಚಪ್ಪಟೆ ತಲೆಯದು ಅದೇ ಎಂಜಿನ್‌ಗೆ ದೊರೆಯುವಂತಿದ್ದರೆ ಅದನ್ನು ಆರಿಸಿಕೊಂಡಾಗ ಹೆಡ್ಡನ್ನು ಮಟ್ಟಸಕ್ಕೆ ಬೇಕಾದಷ್ಟು ಮಾತ್ರ ಕೆರೆದರೆ ಸಾಕು. ತೂಕ, ಪಿನ್ನಿನ ಎತ್ತರ ಎರಡೂ ಹೊಂದುತ್ತವೆಯೇ ಎಂದು ನೋಡದೆ ಬೇರೆ ಕಾರಿನ ಪಿಸ್ಟನ್ ತುರುಕುವುದು ಅಪಾಯಕಾರಿ.

ಗಳಿಕೆ ಎಷ್ಟು?

ಪೆಟ್ರೋಲ್ ಎಂಜಿನ್‌ನ ಆದರ್ಶ ದಕ್ಷತೆಯ ಸೂತ್ರದ ಪ್ರಕಾರ ಅನುಪಾತ 7.2 ಇದ್ದಾಗ ದಕ್ಷತೆ ಶೇ 54.6. ಅದು 8.3ಕ್ಕೆ ಏರಿದಾಗ ಶೇ 57.1, 9.3ಕ್ಕೆ ಏರಿದಾಗ ಶೇ 59. ಶಾಖ ಸೋರಿಕೆ, ಘರ್ಷಣೆ ಇತ್ಯಾದಿಗಳಿಂದಾಗಿ ನಿಜವಾದ ಎಂಜಿನ್‌ನಲ್ಲಿ ಇದರ ಅರ್ಧದಷ್ಟು ದೊರೆತರೆ ಅದೇ ಹೆಚ್ಚು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಪ್ರತಿ ಹೆಜ್ಜೆಯ ಲಾಭವೂ ಹಿಂದಿನದಕ್ಕಿಂತ ಕಡಿಮೆ. ಒಂದು ಅಂಕ ಏರಿಸಿದಾಗ ಇಂಧನದಲ್ಲಿ ಶೇ 3ರ ಆಸುಪಾಸಿನ ಉಳಿತಾಯವನ್ನು ನಿರೀಕ್ಷಿಸುವುದು ವಾಸ್ತವಿಕ. ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದ ಕಾರು 12.4 ಕಿ.ಮೀ. ಕೊಟ್ಟೀತು.

ಎಥನಾಲ್‌ನಿಂದ ಆದ ನಷ್ಟವನ್ನು ಇದು ತುಂಬಿಕೊಡುತ್ತದೆಯೇ? ಪೂರ್ತಿಯಾಗಿ ಇಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಹೀಗಾಗಿ ಶೇ 20ರ ಮಿಶ್ರಣದಲ್ಲಿ ಸುಮಾರು ಶೇ 7ರಷ್ಟು ಶಕ್ತಿ ಖೋತಾ ಆಗುತ್ತದೆ. ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ದಕ್ಷತೆ ಶೇ 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ವರದಿಯೇ ಅಂದಾಜಿಸಿತ್ತು. ಎಂಜಿನ್‌ನಲ್ಲಿ ತಕ್ಕ ಬದಲಾವಣೆ ಮಾಡಿದರೆ ಈ ನಷ್ಟ ತಗ್ಗುತ್ತದೆ ಎಂಬ ಮಾತೂ ಅದೇ ವರದಿಯಲ್ಲಿದೆ. ಅನುಪಾತದ ಏರಿಕೆ ಅಂತಹ ಬದಲಾವಣೆಗಳಲ್ಲಿ ಮುಖ್ಯವಾದುದು. ಕಳೆದುಕೊಂಡದ್ದರಲ್ಲಿ ಅರ್ಧವನ್ನು ಮರಳಿ ಪಡೆದರೂ ಅದು ಕೆಲಸ ಚೆನ್ನಾಗಿ ಆಗಿದೆ ಎಂಬುದರ ಗುರುತು.

ನಾಕಿಂಗ್ ಎಂಬ ಶತ್ರು

ಹಾಗಿದ್ದರೆ ಕಾರು ತಯಾರಕರು ಮೊದಲೇ ಏಕೆ ಹೆಚ್ಚಿನ ಅನುಪಾತ ಇಡಲಿಲ್ಲ? ಉತ್ತರ ಪೆಟ್ರೋಲಿನಲ್ಲಿದೆ. ಅದುಮಿದ ಗಾಳಿ ಬಿಸಿಯಾಗುತ್ತದೆ, ಸೈಕಲ್ ಪಂಪಿನ ತುದಿ ಸುಡುವಂತೆ. ಅತಿಯಾಗಿ ಅದುಮಿದಾಗ ಕಿಡಿಯಿಂದ ಹೊತ್ತಿದ ಜ್ವಾಲೆ ಕೋಣೆಯ ಆಚೆ ತುದಿ ತಲುಪುವ ಮೊದಲೇ ಅಲ್ಲಿನ ಮಿಶ್ರಣ ತಾನಾಗಿ ಸಿಡಿಯುತ್ತದೆ. ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದಂತಹ ಕಟಕಟ ಸದ್ದು ಕೇಳಿಸುತ್ತದೆ. ಇದೇ ನಾಕಿಂಗ್. ಆಗೊಮ್ಮೆ ಈಗೊಮ್ಮೆ ಆದರೆ ತೊಂದರೆಯಿಲ್ಲ. ನಿರಂತರವಾದರೆ ಪಿಸ್ಟನ್ನಿನ ಅಂಚು ತಿಂದುಹೋಗುತ್ತದೆ, ರಿಂಗ್ ಕೂರುವ ಗಾಡಿ ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ.

ಈ ಸದ್ದನ್ನು ತಡೆಯುವ ಇಂಧನದ ಸಾಮರ್ಥ್ಯವೇ ಆಕ್ಟೇನ್ ಸಂಖ್ಯೆ. ಫೋರ್ಡ್ ಮಾಡೆಲ್ ಟಿ ಕಾಲದಲ್ಲಿ ಅನುಪಾತ ಸುಮಾರು 4 ಮಾತ್ರ ಇತ್ತು. 1921ರ ಡಿಸೆಂಬರ್‌ನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಸೀಸದ ಸಂಯುಕ್ತವೊಂದು ನಾಕಿಂಗ್ ತಡೆಯುತ್ತದೆ ಎಂದು ಕಂಡುಕೊಂಡ ಮೇಲೆ ಅನುಪಾತಗಳು ಏರುತ್ತ ಹೋದವು. ಅದಕ್ಕೆ ತೆತ್ತ ಬೆಲೆ ನಗರಗಳ ಗಾಳಿಯಲ್ಲಿ ಬೆರೆತ ಸೀಸದ ವಿಷ. ಭಾರತದಲ್ಲಿ 1995ರಲ್ಲಿ ಮಹಾನಗರಗಳಿಂದ ಆರಂಭವಾದ ಸೀಸರಹಿತ ಪೆಟ್ರೋಲ್ 2000ದ ಫೆಬ್ರುವರಿಯಲ್ಲಿ ಇಡೀ ದೇಶವನ್ನು ವ್ಯಾಪಿಸಿತು. (ಅದಕ್ಕೂ ಹಿಂದಿನ ಕಾರುಗಳ ವಾಲ್ವ್ ಸೀಟಿಗೆ ಸೀಸವೇ ರಕ್ಷಾಕವಚವಾಗಿತ್ತು. ಹೆಡ್ ಬಿಚ್ಚಿದಾಗ ಗಟ್ಟಿ ಲೋಹದ ಸೀಟು ಹಾಕಿಸುವುದು ಅನುಪಾತ ಏರಿಸುವುದಕ್ಕಿಂತ ತುರ್ತಿನ ಕೆಲಸ.)

ಬಂಕುಗಳಲ್ಲಿ ಹಿಂದೆ 87 ಮತ್ತು 93 ಆಕ್ಟೇನ್ ಪೆಟ್ರೋಲ್ ಸಿಗುತ್ತಿದ್ದವು. 2020ರಲ್ಲಿ ಜಾರಿಗೆ ಬಂದ ಬಿಎಸ್-6 ಮಾನದಂಡದಲ್ಲೂ ಸಾಮಾನ್ಯ ಪೆಟ್ರೋಲಿಗೆ ಕನಿಷ್ಠ 91 ಎಂಬ ಮಿತಿಯಿದೆ. ಎಥನಾಲ್‌ನ ಆಕ್ಟೇನ್ ಸಂಖ್ಯೆ ಸುಮಾರು 108. ಜತೆಗೆ ಅದು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿ ಮಿಶ್ರಣವನ್ನು ತಂಪಾಗಿಸುತ್ತದೆ. ಅಂದರೆ ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಯಿಂದ ಬರುವ ಅದೇ ಎಥನಾಲ್ ಒಂದು ಕೈಯಲ್ಲಿ ಮೈಲೇಜ್ ಕಸಿದರೂ ಇನ್ನೊಂದು ಕೈಯಲ್ಲಿ ಅನುಪಾತ ಏರಿಸಲು ಅವಕಾಶ ಕೊಡುತ್ತದೆ. ಬ್ರೆಜಿಲ್ ಈ ಅವಕಾಶವನ್ನು ಬಹಳ ಹಿಂದೆಯೇ ಬಳಸಿಕೊಂಡಿತು. 1979ರಲ್ಲಿ ಅಲ್ಲಿ ಮಾರುಕಟ್ಟೆಗೆ ಬಂದ ಎಥನಾಲ್ ಚಾಲಿತ ಫಿಯೆಟ್ 147 ಕಾರಿನಲ್ಲಿ ಅನುಪಾತವನ್ನು 10ಕ್ಕಿಂತ ಮೇಲಕ್ಕೆ ಒಯ್ಯಲಾಗಿತ್ತು. ಎಂಬತ್ತೇಳು ಆಕ್ಟೇನ್ ಕಾಲಕ್ಕೆ ತಗ್ಗಿಸಿಟ್ಟ ಹಳೆಯ ಭಾರತೀಯ ಎಂಜಿನ್‌ಗಳಿಗೆ ಇಂದು ಒಂದು ಅಂಕದ ಏರಿಕೆ ದಕ್ಕುವುದು ಈ ಕಾರಣಕ್ಕಾಗಿಯೇ.

ಬೆಂಗಳೂರಿನಲ್ಲಿ ಸುಮ್ಮನಿದ್ದ ಎಂಜಿನ್

ಕರ್ನಾಟಕದ ಮಟ್ಟಿಗೆ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 10ರಷ್ಟು ಕಡಿಮೆ. ಸಿಲಿಂಡರಿಗೆ ಹೋಗುವ ಗಾಳಿಯೇ ತೆಳುವಾದ್ದರಿಂದ ಎಂಜಿನ್ ಸುಲಭಕ್ಕೆ ನಾಕ್ ಆಗುವುದಿಲ್ಲ. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು, ಪಕ್ಕದ ಬಡಾವಣೆಯಲ್ಲಿ ಜೋಡಿಸಿ, ಹೊರವರ್ತುಲ ರಸ್ತೆಯಲ್ಲಿ ಒಂದು ಸುತ್ತು ಹಾಕಿ ‘ಬೆಣ್ಣೆಯಂತಿದೆ’ ಎಂದು ಪಡೆದುಕೊಂಡ ಕಾರು ಕರಾವಳಿಗೆ ಇಳಿದ ಮೇಲೆ ಬೇರೆಯದೇ ದನಿ ತೆಗೆಯಬಹುದು. ಅತಿ ಕಠಿಣ ಪರೀಕ್ಷೆ ಎದುರಾಗುವುದು ಮರಳುವಾಗ. ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಆರಂಭವಾಗುವಲ್ಲಿ ಗಾಳಿ ದಟ್ಟ, ಬಿಸಿಲು ಹೆಚ್ಚು, ಐದು ಜನರ ಭಾರ, ಮುಂದೆ ತೆವಳುವ ಲಾರಿ, ಮೇಲಿನ ಗೇರಿನಲ್ಲೇ ಪೂರ್ತಿ ಒತ್ತಿದ ಆಕ್ಸಿಲರೇಟರ್. ಎಂಜಿನ್‌ನ ಹೊಸ ಅನುಪಾತ ಮತ್ತು ಇಗ್ನಿಷನ್ ಟೈಮಿಂಗ್ ಸರಿಯಿವೆಯೇ ಎಂಬುದು ತಿಳಿಯುವುದು ಅಲ್ಲಿಯೇ. ಬೆಂಗಳೂರಿನಲ್ಲಿ ಹೊಂದಿಸಿದ ಟೈಮಿಂಗ್‌ನಲ್ಲಿ ಒಂದೆರಡು ಡಿಗ್ರಿ ಹಿಂದಕ್ಕೆ ಉಳಿಸಿಕೊಂಡಿರುವುದು ಜಾಣತನ. ಅನುಪಾತ ಏರಿದಾಗ ಮಿಶ್ರಣ ಬೇಗ ಉರಿಯುವುದರಿಂದ ಹಳೆಯಷ್ಟು ಮುಂಚಿತವಾಗಿ ಕಿಡಿ ಬೇಕಾಗುವುದೂ ಇಲ್ಲ.

ಅಳತೆಯೇ ಕೆಲಸ

ಲೇತ್ ಕೆಲಸಕ್ಕಿಂತ ಅದಕ್ಕೂ ಮುಂಚಿನ ಅಳತೆಗೇ ಹೆಚ್ಚು ತಾಳ್ಮೆ ಬೇಕು. ವಾಲ್ವ್ ಮತ್ತು ಪ್ಲಗ್ ಜೋಡಿಸಿದ ಹೆಡ್ಡನ್ನು ಅಂಗಾತ ಇಟ್ಟು, ದಹನಕೋಣೆಯ ಬಾಯಿಗೆ ಗ್ರೀಸ್ ಸವರಿ, ರಂಧ್ರವಿರುವ ಪಾರದರ್ಶಕ ಪ್ಲಾಸ್ಟಿಕ್ ಫಲಕ ಮುಚ್ಚಿ, ಪ್ರಯೋಗಾಲಯದ ಬ್ಯುರೆಟ್‌ನಿಂದ ಸೀಮೆಎಣ್ಣೆಯಂತಹ ತೆಳು ದ್ರವ ತುಂಬಿಸುತ್ತಾರೆ. ಗಾಳಿಗುಳ್ಳೆ ಉಳಿಯದಂತೆ ತುಂಬಲು ಎಷ್ಟು ಸಿಸಿ ಹಿಡಿಯಿತೋ ಅದೇ ಕೋಣೆಯ ಗಾತ್ರ. ಇದಕ್ಕೆ ಅದುಮಿದ ಗ್ಯಾಸ್ಕೆಟ್‌ನ ದಪ್ಪ, ಪಿಸ್ಟನ್ ತಲೆಯ ತಗ್ಗು, ತುದಿಗೇರಿದಾಗಲೂ ಬ್ಲಾಕಿನ ಮೇಲ್ಮೈಗಿಂತ ಪಿಸ್ಟನ್ ಎಷ್ಟು ಕೆಳಗುಳಿಯುತ್ತದೆ ಎಂಬ ಅಳತೆಗಳನ್ನು ಕೂಡಿಸಬೇಕು. ನಾಲ್ಕೂ ಕೋಣೆಗಳನ್ನು ಅಳೆಯಬೇಕು, ಏಕೆಂದರೆ ಹಳೆಯ ಎರಕದ ಹೆಡ್‌ಗಳಲ್ಲಿ ನಾಲ್ಕೂ ಸಮನಾಗಿರುವುದು ಅಪರೂಪ. ಸರಾಸರಿ 8.3 ಎಂದುಕೊಂಡ ಎಂಜಿನ್‌ನ ಒಂದು ಸಿಲಿಂಡರ್ 8.7 ಇದ್ದರೆ ನಾಕಿಂಗ್ ಶುರುವಾಗುವುದು ಅಲ್ಲಿಂದ.

ಪಿಸ್ಟನ್ನಿನ ಚಪ್ಪಟೆ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಸಂದಿಯ ವಿಚಾರವೂ ಕುತೂಹಲಕರ. ಈ ಸಂದಿ ಸುಮಾರು 1 ಮಿ.ಮೀ.ಯಷ್ಟು ಕಿರಿದಾಗಿದ್ದರೆ ಅಲ್ಲಿನ ಮಿಶ್ರಣ ರಭಸದಿಂದ ಕಿಡಿಯ ಕಡೆಗೆ ಚಿಮ್ಮಿ, ಕಲಕಿ, ಬೇಗ ಉರಿಯುತ್ತದೆ. ಅಂಚಿನಲ್ಲಿ ಉಳಿದ ತುಸು ಮಿಶ್ರಣವೂ ಲೋಹಕ್ಕೆ ತಾಗಿ ತಂಪಾಗುತ್ತದೆ. ಆದಕಾರಣ ತೆಳು ಗ್ಯಾಸ್ಕೆಟ್ ಹಾಕಿ ಅನುಪಾತ ಏರಿಸಿದ ಎಂಜಿನ್, ದಪ್ಪ ಗ್ಯಾಸ್ಕೆಟ್ ಹಾಕಿ ಅನುಪಾತ ಇಳಿಸಿದ ಎಂಜಿನ್‌ಗಿಂತ ಕಡಿಮೆ ನಾಕ್ ಆಗುವುದೂ ಇದೆ. ನಾಕಿಂಗ್ ತಪ್ಪಿಸಲೆಂದು ಎರಡು ಗ್ಯಾಸ್ಕೆಟ್ ಪೇರಿಸುವ ಪದ್ಧತಿ ಹೀಗೆ ಕೆಲವೊಮ್ಮೆ ತಿರುಗುಬಾಣವಾಗುತ್ತದೆ.

ಹೆಡ್ ಕೆಳಗಿಳಿದಾಗ ವಾಲ್ವ್‌ಗಳೂ ಪಿಸ್ಟನ್ನಿನ ಹತ್ತಿರ ಬರುತ್ತವೆ. ಪಿಸ್ಟನ್ ಮೇಲೆ ಮಕ್ಕಳಾಡುವ ಜೇಡಿಯ ಉಂಡೆ ಇಟ್ಟು, ಹೆಡ್ ಬಿಗಿದು, ಎಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ ಜೇಡಿಯ ದಪ್ಪ ನೋಡುವುದು ಹಳೆಯ, ನಂಬಲರ್ಹ ವಿಧಾನ. ಅಂಬಾಸಿಡರ್‌ನಂತೆ ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗಿದ್ದರೆ ಪುಶ್‌ರಾಡ್ ಉದ್ದವಾದಂತಾಗಿ ರಾಕರ್‌ಗಳ ಕೋನ ಬದಲಾಗುತ್ತದೆ. ಮಾರುತಿ 800ರಂತೆ ಕ್ಯಾಮ್‌ಶಾಫ್ಟ್ ಹೆಡ್ಡಿನ ಮೇಲಿದ್ದರೆ ಬೆಲ್ಟ್ ಸಡಿಲಗೊಂಡು, ಅದನ್ನು ಬಿಗಿದಾಗ ವಾಲ್ವ್ ಟೈಮಿಂಗ್ ತುಸು ಹಿಂದೆ ಬೀಳುತ್ತದೆ.

ಕಾರ್ಬುರೇಟರ್ ಕಾರಿನಲ್ಲಿ ಇನ್ನೊಂದು ಕೆಲಸ ಬಾಕಿ ಉಳಿಯುತ್ತದೆ. ಎಥನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ, ತೆಳುವಾದ ಮಿಶ್ರಣ ಎಂಜಿನ್ನನ್ನು ಬಿಸಿಯಾಗಿಸುತ್ತದೆ. ಏರಿಸಿದ ಅನುಪಾತದ ಜತೆ ಇದು ಸೇರಿದರೆ ಎಥನಾಲ್ ಕೊಟ್ಟ ಆಕ್ಟೇನ್ ಲಾಭ ಅಲ್ಲಿಗೇ ಮುಗಿಯುತ್ತದೆ. ಸ್ವಲ್ಪ ದೊಡ್ಡ ಜೆಟ್, ಎಥನಾಲ್ ತಾಳುವ ಇಂಧನ ಪೈಪು, ಒಂದು ದರ್ಜೆ ತಂಪಿನ ಸ್ಪಾರ್ಕ್ ಪ್ಲಗ್, ಹೂಳು ತೆಗೆಸಿದ ರೇಡಿಯೇಟರ್ ಇವಿಷ್ಟೂ ಅದೇ ಬಿಲ್ಲಿನಲ್ಲಿ ಸೇರಬೇಕು.

ಯಾರಿಗೆ ಬೇಡ?

ನಾಕ್ ಸೆನ್ಸರ್ ಇರುವ ಈಚಿನ ಎಂಪಿಎಫ್‌ಐ ಕಾರುಗಳಲ್ಲಿ ಈ ಸಾಹಸದಿಂದ ಪ್ರಯೋಜನ ಕಡಿಮೆ. ಅವುಗಳ ಅನುಪಾತ ಈಗಾಗಲೇ ಮೇಲಿದೆ. ಇನ್ನೂ ಏರಿಸಿದರೆ ಕಂಪ್ಯೂಟರ್ ನಾಕಿಂಗ್ ಗ್ರಹಿಸಿ ಕಿಡಿಯನ್ನು ಹಿಂದಕ್ಕೆ ತಳ್ಳುತ್ತದೆ, ಹಣ ಕೊಟ್ಟು ಪಡೆದ ಶಕ್ತಿ ಹಾಗೆಯೇ ಸೋರಿಹೋಗುತ್ತದೆ. ಮಜ್ದಾ ಕಂಪನಿ 2011ರಲ್ಲಿ 14ರ ಅನುಪಾತದ ಪೆಟ್ರೋಲ್ ಎಂಜಿನ್ ಹೊರತಂದದ್ದು ನೇರ ಇಂಜೆಕ್ಷನ್ ಮತ್ತು ವಿಶೇಷ ಎಕ್ಸಾಸ್ಟ್ ವಿನ್ಯಾಸದ ಬಲದಿಂದ. ಲೇತ್‌ನಿಂದ ಅದು ಸಾಧ್ಯವಿಲ್ಲ. ಟರ್ಬೊ ಎಂಜಿನ್ ಮತ್ತು ಡೀಸೆಲ್ ಎಂಜಿನ್‌ಗಳ ಗೊಡವೆಗೆ ಹೋಗುವಂತೆಯೇ ಇಲ್ಲ.

ಅನುಪಾತ ಏರಿದಾಗ ದಹನದ ತಾಪ ಏರಿ ಸಾರಜನಕದ ಆಕ್ಸೈಡ್‌ಗಳೂ ಹೆಚ್ಚುತ್ತವೆ. ಪೆಟ್ರೋಲ್ ಕಾರುಗಳ ಹೊಗೆ ತಪಾಸಣೆಯಲ್ಲಿ ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ನೋಡುತ್ತಾರೆಯೇ ಹೊರತು ಇದನ್ನು ಅಳೆಯುವುದಿಲ್ಲ. ಪ್ರಮಾಣಪತ್ರ ಸಿಕ್ಕಿತೆಂದ ಮಾತ್ರಕ್ಕೆ ಹೊಗೆ ಶುದ್ಧವಾಯಿತೆಂದಲ್ಲ. ಇನ್ನು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಆರ್‌ಸಿ ಪುಸ್ತಕದಲ್ಲಿ ಎಂಜಿನ್‌ನ ಸಿಸಿ ನಮೂದಾಗಿರುವುದರಿಂದ ತಯಾರಕರೇ ಸೂಚಿಸಿದ ಓವರ್‌ಸೈಜ್ ಮಿತಿಯನ್ನು ಮೀರಿ ಬೋರ್ ಮಾಡಿಸದಿರುವುದು ಕ್ಷೇಮ.

ಲೇತ್ ಕೆಲಸ ಮುಗಿದ ಬಳಿಕ ನಾಲ್ಕೂ ಕೋಣೆಗಳ ಸಿಸಿ, ಹೆಡ್ಡಿನ ಉಳಿದ ದಪ್ಪ, ಗ್ಯಾಸ್ಕೆಟ್‌ನ ಅಳತೆ ಇಷ್ಟನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆಸಿಕೊಂಡರೆ ಮುಂದೆ ಇದೇ ಎಂಜಿನ್ ಬಿಚ್ಚುವ ಮೆಕ್ಯಾನಿಕ್ ಊಹೆಯ ಮೇಲೆ ಹೆಡ್ಡನ್ನು ಮತ್ತೆ ಕೆರೆಯುವುದು ತಪ್ಪುತ್ತದೆ. ಮೊದಲ ಸಾವಿರ ಕಿ.ಮೀ. ಓಡಿದ ಮೇಲೆ ಪ್ಲಗ್‌ಗಳನ್ನು ಬಿಚ್ಚಿ ನೋಡಬೇಕು. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಚಿಮುಕಿಸಿದಂತಹ ಕಪ್ಪು ಚುಕ್ಕೆಗಳೋ ಹೊಳೆಯುವ ಅಲ್ಯುಮಿನಿಯಂ ಕಣಗಳೋ ಕಂಡರೆ ಕಿವಿಗೆ ಸದ್ದು ಬೀಳದಿದ್ದರೂ ಒಳಗೆ ನಾಕಿಂಗ್ ಆಗುತ್ತಿದೆ. ಕೂಡಲೇ ಟೈಮಿಂಗ್ ಹಿಂದಕ್ಕೆ ತರಿಸಬೇಕು.